ಬಸ್ಸು ಕುಡಿದ ನೀರು

ಮದುವೆಯಾಗಿ ಎರಡು ವರ್ಷ ಕಳೆದಿದ್ದರೂ ನಮ್ಮವರ ಮುಖವನ್ನು ನಾನು ಹಗಲಿನಲ್ಲಿ ಸರಿಯಾಗಿ ನೋಡಿರಲಿಲ್ಲ. ಅವರು ಬಸ್ಸಿನ ಡ್ರೈವರು. ಬಸ್ಸು ಬೆಳಿಗ್ಗೆ ಮಂಡ್ಯದಿಂದ ಹೊರಟು ಮದ್ದೂರು, ಮಳವಳ್ಳಿ ದಾಟಿ ಹಲಗೂರಿಗೆ ಹೋಗಿ, ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತಿತ್ತು. ರಾತ್ರಿ ಅದನ್ನು ಮಂಡ್ಯದ ಪಕ್ಕದ ಗುತ್ತಲಿನಲ್ಲಿದ್ದ ಬಸ್ಸಿನ ಧಣಿಯ ಕೊಟ್ಟಿಗೆಯಲ್ಲಿ ನಿಲ್ಲಿಸಿ ಡ್ರೈವರು ಅಲ್ಲೇ ಮಲಗಬೇಕು. ನಮ್ಮ ಮನೆ ಮಳವಳ್ಳಿಯ ಹೊರಗೆ, ಹಲಗೂರು ರಸ್ತೆಯ ಪಕ್ಕದಲ್ಲೇ ಇತ್ತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬಸ್ಸು ನಮ್ಮ ಬಾಗಿಲ ಮುಂದೆಯೇ ಹಾಯುತ್ತಿತ್ತು. ನಾನು ಬುತ್ತಿ ಹಿಡಿದುಕೊಂಡು ರಸ್ತೆ ಬದಿ ನಿಂತಿರುತ್ತಿದ್ದೆ. ಅವರು ಬಸ್ಸು ನಿಧಾನ ಮಾಡಿ, ಕೈ ಚಾಚಿ, ಬುತ್ತಿ ಈಸಿಕೊಂಡು ಹೊರಟುಬಿಡುತ್ತಿದ್ದರು. ನನ್ನ ಪಾಲಿಗೆ ಕಾಣುತ್ತಿದ್ದುದು ಮೊಣಕೈಯಿಂದೀಚಿನ ಕೈ. ಉಳಿದ ಆಳು ಬಸ್ಸಿನೊಳಗಿನ ಕತ್ತಲೆಗೆ ಸೇರಿದ್ದು.

ಮನೆಗೆ ಬರುವುದು ಯಾವಾಗಲೋ ಒಮ್ಮೆ. ಬಂದರೂ ದೀಪ ಹಚ್ಚಿದ ಮೇಲೆ ಬಂದು ಕೋಳಿ ಕೂಗುವ ಮುಂಚೆ ಹೋಗುತ್ತಿದ್ದರು. ಮನೆಯಲ್ಲಿ ನಾನು, ನಮ್ಮತ್ತೆ, ಒಂದು ಎಮ್ಮೆ. ಅತ್ತೆ ಕೆಟ್ಟವಳಲ್ಲ, ಬಾಯಿ ಜೋರು. ಆದರೆ ಅತ್ತೆಯನ್ನು ನೋಡಿಕೊಂಡಿರಲು ಯಾರೂ ಮದುವೆಯಾಗುವುದಿಲ್ಲ.

ಆಗ ಯುದ್ಧದ ಕಾಲ. ಪೆಟ್ರೋಲಿಗೆ ಸರ್ಕಾರ ಚೀಟಿ ಕೊಡುತ್ತಿತ್ತು, ಚೀಟಿಗೆ ಪೆಟ್ರೋಲು ಸಿಗುತ್ತಿರಲಿಲ್ಲ. ಹಾಗಾಗಿ ಬಸ್ಸುಗಳೆಲ್ಲ ಇದ್ದಿಲಿಗೆ ತಿರುಗಿದ್ದವು. ಹಿಂದುಗಡೆ ಆಳೆತ್ತರದ ಕಬ್ಬಿಣದ ಪೀಪಾಯಿ, ಅದರೊಳಗೆ ಇದ್ದಿಲು. ಬೀಸುಗಲ್ಲಿನಂತೆ ಒಂದು ಹಿಡಿ ಇರುವ ಫ್ಯಾನನ್ನು ತಿರುಗಿಸಿ ಕೆಂಡ ಮಾಡಿದರೆ ಅದರ ಗ್ಯಾಸು ಕೊಳವೆಯಲ್ಲಿ ಹೋಗಿ ಎಂಜಿನ್ನನ್ನು ಓಡಿಸುತ್ತಿತ್ತು. ಓಡಿಸುತ್ತಿತ್ತು ಅನ್ನುವುದು ದೊಡ್ಡ ಮಾತು. ದಿಣ್ಣೆ ಬಂದರೆ ಗಂಡಸರು ಇಳಿದು ತಳ್ಳಬೇಕಿತ್ತು. ಕಾಸು ಕೊಟ್ಟು ತಳ್ಳುವವರು ಅಂತ ಊರಲ್ಲಿ ನಗುತ್ತಿದ್ದರು.

ಒಂದು ಬೇಸಿಗೆ ಆ ಬಸ್ಸಿಗೆ ನೀರಡಿಕೆ ಹತ್ತಿತು. ಎಂಜಿನ್ನು ಕಾಯದ ಹಾಗೆ ಅದರ ಒಳಮೈಯಲ್ಲಿ ನೀರು ಓಡಾಡುತ್ತಿರಬೇಕು, ಮೂತಿಯ ಹತ್ತಿರ ಇರುವ ರೇಡಿಯೇಟರಿಗೆ ಬಂದು ಗಾಳಿಗೆ ತಣ್ಣಗಾಗಿ ಮತ್ತೆ ಒಳಗೆ ಹೋಗಬೇಕು. ಇದನ್ನು ಅವರೇ ನನಗೆ ಆಮೇಲೆ ಹೇಳಿಕೊಟ್ಟಿದ್ದು. ಹಾಕಿದ ನೀರು ಮದ್ದೂರಿಂದ ಹಲಗೂರಿಗೆ ಹೋಗಿಬಂದರೂ ಹೆಚ್ಚು ಕಡಿಮೆ ಹಾಗೇ ಇರಬೇಕು. ಇಲ್ಲಿ ನಮ್ಮ ಬಾಗಿಲಲ್ಲಿ ತುಂಬಿಸಿದರೆ ಹಲಗೂರು ಸೇರುವಷ್ಟರಲ್ಲಿ ಅರ್ಧ ಖಾಲಿ. ಕೆಳಗೆ ನೋಡಿದರೆ ನೆಲ ಒಣಗಿರುತ್ತಿತ್ತು. ಎಲ್ಲೂ ತೊಟ್ಟಿಕ್ಕಿದ ಗುರುತಿಲ್ಲ. ಬುತ್ತಿಯ ಜೊತೆ ನಾನು ಬಿಂದಿಗೆಯನ್ನೂ ಹೊತ್ತು ನಿಲ್ಲುವಂತಾಯಿತು. ನೀರು ಹೊಯ್ಯುವಷ್ಟು ಹೊತ್ತು ಬಸ್ಸು ನಿಲ್ಲುತ್ತಿತ್ತು, ಆದ್ದರಿಂದ ನನಗೇನೂ ಬೇಸರವಿರಲಿಲ್ಲ.

ಒಂದು ದಿನ ಬುತ್ತಿ ಈಸಿಕೊಳ್ಳುವಾಗ ಅವರು ಹೇಳಿದರು. "ಅಮ್ಮಿ, ನಾಳೀಕೆ ಒಂದ್ ಗಂಟು ರಾಗಿ ಇಟ್ಟು ಕಟ್ಕಂಡ್ ಬಾ."

ಕೊಟ್ಟಿಗೆಯಲ್ಲಿ ಗಂಜಿ ಕಾಯಿಸಿಕೊಳ್ಳುತ್ತಾರೇನೋ ಅಂದುಕೊಂಡು ಕೊಟ್ಟೆ. ನಾಲ್ಕು ದಿನಕ್ಕೆ ಮತ್ತೆ ಕೇಳಿದರು. ಮತ್ತೆ ಕೊಟ್ಟೆ. ಮೂರನೆಯ ಸಲ ಅತ್ತೆ ಹಿಟ್ಟಿನ ಮಡಕೆಗೆ ಕೈಯಿಟ್ಟು, "ಅಲ್ಲ ಕಣಮ್ಮಿ, ನನ್ ಮಗ ಒಬ್ನೇ ಉಣ್ತಾವ್ನೋ, ಇಡೀ ಬಸ್ಸಿಗೆ ಇಕ್ತಾವ್ನೋ?" ಅಂದಳು. ಅವಳು ಕುಹಕಕ್ಕೆ ಅಂದದ್ದು ನಿಜವೇ ಆಗಿತ್ತು. ಆ ಕಾಲದ ಡ್ರೈವರುಗಳಲ್ಲಿ ಒಂದು ರೂಢಿಯಿತ್ತು. ರೇಡಿಯೇಟರಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ನೀರಿಗೆ ಒಂದು ಚಿಟಿಕೆ ರಾಗಿ ಹಿಟ್ಟು ಹಾಕುವುದು. ಬಿಸಿಗೆ ಹಿಟ್ಟು ಬೆಂದು ಊದಿ ತೂತಿಗೆ ಮೆತ್ತಿಕೊಳ್ಳುತ್ತದೆ. ನಮ್ಮವರು ಚಿಟಿಕೆ ಹಾಕಿ ನೋಡಿದರು, ನೀರು ನಿಲ್ಲಲಿಲ್ಲ. ಹಿಡಿ ಹಾಕಿದರು. ಆಮೇಲೆ ಅಳತೆಯೇ ಇಲ್ಲ.

ಒಂದು ಮಧ್ಯಾಹ್ನ ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ ಬಸ್ಸು ನಿಂತುಹೋಯಿತು. ರೇಡಿಯೇಟರಿನ ಮುಚ್ಚಳ ಹಾರಿ ಹೊಲಕ್ಕೆ ಬಿತ್ತು. ಒಳಗಿಂದ ಕೊತಕೊತ ಕುದಿಯುವ ಅಂಬಲಿ ಉಕ್ಕಿ ಮುಂದಿನ ಗಾಜಿನ ತುಂಬ ಬಳಿದುಕೊಂಡಿತು. ಜನ ಮೊದಲು ಹೆದರಿ ಇಳಿದರು, ಆಮೇಲೆ ಮೂಗು ಅರಳಿಸಿ ನೋಡಿದರು. ಹಲಗೂರಿನ ಕಡೆಯ ಒಬ್ಬ ಮುದುಕ ಗಾಜಿನ ಮೇಲಿದ್ದುದನ್ನು ಬೆರಳಲ್ಲಿ ಮುಟ್ಟಿ, "ಏನಪ್ಪಾ ಡ್ರೈವರಪ್ಪಾ, ಉಪ್ ಆಕಿದ್ದೀಯಾ, ಆಕ್‌ಬೇಕಾ?" ಅಂತ ಕೇಳಿದ. ನಮ್ಮವರು ತಲೆ ಎತ್ತಲಿಲ್ಲ. ಜನವೇ ಬಸ್ಸನ್ನು ತಳ್ಳಿಕೊಂಡು ಬಂದು ನಮ್ಮ ಮನೆ ಪಕ್ಕದ ಹೊಂಗೆ ಮರದ ಕೆಳಗೆ ನಿಲ್ಲಿಸಿ, ಬೈದುಕೊಂಡು ನಡೆದೇ ಹೋದರು.

ಮರುದಿನ ಧಣಿ ಬಂದರು. ಬಸ್ಸಿನ ಸುತ್ತ ಒಂದು ಸುತ್ತು ಹಾಕಿದರು. ದೊಡ್ಡ ದನಿ ಮಾಡುವ ಮನುಷ್ಯರಲ್ಲ. "ನೋಡಪ್ಪಾ, ಈ ಸಂತೆ ಬುಟ್ಟು ಮುಂದ್ಲ ಸಂತೆಗೆ ಗಾಡಿ ಓಡ್ಬೇಕು. ಓಡ್ದೆ ಓದ್ರೆ ಇಲ್ಲೇ ಬಿಚ್ಚಿ ಕಬ್ಣದೋರಿಗೆ ಆಕ್ಬುಡ್ತೀನಿ. ನನಗೂ ಸಾಕಾಗದೆ" ಅಂದು ಬಂದ ಜಟಕಾದಲ್ಲೇ ಮದ್ದೂರಿಗೆ ಹೊರಟರು.

ಅವರು ಹೋದ ಮೇಲೆ ನಮ್ಮವರು ಜಗಲಿಯ ಮೇಲೆ ಕೂತು ಅತ್ತೆಗೆ ಹೇಳಿದರು, "ಈ ಗಾಡಿ ಓದ್ರೆ ನಾನು ಮಿಲಿಟ್ರಿಗೆ ಎಸ್ರು ಬರೆಸ್ತೀನಿ ಕಣವ್ವ. ಮಂಡ್ಯದಲ್ಲಿ ಡ್ರೈವರ್‌ಗೋಳ್ನ ಕರೀತಾವ್ರೆ."

ಅತ್ತೆ ಮೊರದಲ್ಲಿದ್ದ ಹುರುಳಿಯನ್ನು ಹಾಗೇ ಬಿಟ್ಟಳು. "ಗೆಜ್ಜಲಗೆರೆಯೋನು ಒಬ್ನು ಓದ್ನಲ್ಲ, ಕಾಗ್ದ ಬತ್ತಾ?"

"ಬತ್ತದೆ ಬುಡು."

"ಯಾವಾಗ್ಲಾ ಬತ್ತದೆ?"

ಅವರು ಎದ್ದು ಹೊಂಗೆ ಮರದ ಕಡೆ ಹೋದರು. ನಾನು ಒಳಗಿದ್ದೆ. ಬಸ್ಸು ಸರಿಹೋದರೆ ಮೊದಲಿನಂತೆ ಮೊಣಕೈಯಿಂದೀಚಿನ ಕೈ. ಸರಿಹೋಗದಿದ್ದರೆ ಅದೂ ಇಲ್ಲ. ಇಷ್ಟು ಲೆಕ್ಕ ನನಗೆ ಬರುತ್ತಿತ್ತು.

ಆದರೆ ಬಸ್ಸು ಹೊಂಗೆ ಮರದ ಕೆಳಗೆ ಇರುವಷ್ಟು ದಿನ ಅವರು ಮನೆಯಲ್ಲಿದ್ದರು.

ಆ ದಿನಗಳ ಬಗ್ಗೆ ಹೇಳಲು ದೊಡ್ಡದೇನೂ ಇಲ್ಲ. ಮುದ್ದೆಯನ್ನು ಕೋಲಿನಿಂದ ತಿರುವಿ, ತಟ್ಟೆಗೆ ಹಾಕಿ, ಬಿಸಿಯಾಗಿಯೇ ಅವರ ಮುಂದಿಟ್ಟೆ. ಅಲ್ಲಿಯವರೆಗೂ ನನ್ನ ಕೈಯಡುಗೆಯನ್ನು ಅವರು ತಣ್ಣಗೇ ಉಂಡಿದ್ದರು. ಬಿಸಿ ಮುದ್ದೆಗೆ ಬೆರಳು ಹಾಕಿ ಸುಟ್ಟುಕೊಂಡು ಊದಿಕೊಂಡರು. ಮಜ್ಜಿಗೆಗೆ ಉಪ್ಪನ್ನು ಕುಡಿಯುವಾಗ ಬಾಯಿಗೇ ಹಾಕಿಕೊಳ್ಳುತ್ತಾರೆ, ಲೋಟಕ್ಕೆ ಹಾಕುವುದಿಲ್ಲ ಅಂತ ಗೊತ್ತಾಯಿತು. ಸಿಟ್ಟು ಬಂದರೆ ಎಡಗಿವಿ ಕೆಂಪಾಗುತ್ತದೆ. ಎಮ್ಮೆಗೆ ಹೆದರುತ್ತಾರೆ. ಅಷ್ಟು ದೊಡ್ಡ ಬಸ್ಸು ಓಡಿಸುವ ಆಳು ಎಮ್ಮೆ ತಲೆ ತಿರುಗಿಸಿದರೆ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ನಾನು ಕಸ ಗುಡಿಸುವ ನೆಪದಲ್ಲಿ ಗುಡಿಸಿದ ಅಂಗಳವನ್ನೇ ಗುಡಿಸುತ್ತಿದ್ದೆ, ಅಲ್ಲಿಂದ ಹೊಂಗೆ ಮರ ಕಾಣುತ್ತಿತ್ತು. ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ನಿಂತಿರುತ್ತಿದ್ದರು. ಬೆನ್ನು ಕಾಣುತ್ತಿತ್ತು, ಕಾಲು ಕಾಣುತ್ತಿತ್ತು. ಅಷ್ಟು ಹೊತ್ತು ಒಬ್ಬ ಮನುಷ್ಯನನ್ನು ನೋಡುತ್ತಾ ಇರಬಹುದು ಅಂತ ನನಗೆ ಗೊತ್ತಿರಲಿಲ್ಲ.

ಮದ್ದೂರಿನಿಂದ ಒಬ್ಬ ಮೇಸ್ತ್ರಿ ಬಂದರು. ವಯಸ್ಸಾದ ಸಾಬರು, ಗಡ್ಡಕ್ಕೆ ಮದರಂಗಿ ಹಚ್ಚಿದ್ದರು. ನಮ್ಮವರಿಗೆ ಡ್ರೈವರಿಕೆ ಕಲಿಯುವ ಕಾಲದಿಂದ ಗುರುತು. ರೇಡಿಯೇಟರನ್ನು ಬಿಚ್ಚಿ ಬಗ್ಗಿಸಿದರು. ಒಳಗಿನ ಸಣ್ಣ ಸಣ್ಣ ಕೊಳವೆಗಳಲ್ಲೆಲ್ಲ ಬೆಂದ ಹಿಟ್ಟು ಗಟ್ಟಿಯಾಗಿ ಕೂತಿತ್ತು.

"ಅರೆ, ಏನಪ್ಪಾ ಇದು? ನಿನ್ನ ಎಂಜಿನ್‌ಗೆ ಇನ್ನೂ ಹಲ್ಲು ಬಂದಿಲ್ವಾ? ರಾಗಿ ಸರಿ ತಿನ್ನಿಸಿದ್ದೀಯಲ್ಲ!"

"ತೂತು ಮುಚ್ಕತದೆ ಅಂತ ಆಕ್ದೆ ಸಾಬ್ರೇ."

"ತೂತು ಇದ್ರಲ್ಲಿ ಅದೆ ಅಂತ ಯಾರು ಹೇಳಿದ್ರು ನಿನಗೆ? ಹೊಟ್ಟೆನೋವು ಬಂದೋನಿಗೆ ಮೂಗು ಕಟ್ಟಿದ ಹಾಗೆ ಮಾಡಿದ್ದೀಯ."

ಅತ್ತೆ ಜಗಲಿಯಿಂದಲೇ ಕೂಗಿದಳು. "ಸರ್ಯಾಗ್ ಉಗೀರಿ ಸಾಬ್ರೇ. ನನ್ ಮಡಕೇಲಿ ಇಟ್ಟಿಲ್ಲ ಈಗ."

ಬಿಸಿನೀರು ಹಾಕಿ, ಕಡ್ಡಿ ಹಾಕಿ, ಎರಡು ದಿನ ತೊಳೆದರು. ಆಮೇಲೆ ಅದನ್ನು ಇಬ್ಬರೂ ಹೊತ್ತುಕೊಂಡು ಕೆರೆಗೆ ಹೋದರು. ನೀರು ಹೋಗಿಬರುವ ಎರಡು ಬಾಯಿಗೂ ಬಾಳೆದಿಂಡು ತುರುಕಿ, ಒಂದರಲ್ಲಿ ಸೈಕಲ್ ಪಂಪಿನ ಕೊಳವೆ ತೂರಿಸಿ, ನೀರಿನೊಳಗೆ ಮುಳುಗಿಸಿ ಗಾಳಿ ಹೊಡೆದರು. ತೂತಿದ್ದರೆ ಗುಳ್ಳೆ ಏಳಬೇಕು. ಬಟ್ಟೆ ಒಗೆಯುತ್ತಿದ್ದವರೆಲ್ಲ ಕೆಲಸ ಬಿಟ್ಟು ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ರೇಡಿಯೇಟರಿನ ತಪ್ಪೇನೂ ಇರಲಿಲ್ಲ.

ಎಣ್ಣೆಯ ಕಡ್ಡಿ ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು. ನೀರು ಎಂಜಿನ್ನಿನ ಹೊಟ್ಟೆಯೊಳಗೆ ಸೋರಿದ್ದರೆ ಎಣ್ಣೆ ಮಜ್ಜಿಗೆಯಂತೆ ಆಗಿರುತ್ತದಂತೆ. ಎಣ್ಣೆ ಕಪ್ಪಗೇ ಇತ್ತು. ರಬ್ಬರಿನ ಕೊಳವೆಗಳನ್ನು ಹಿಂಡಿ ನೋಡಿದರು. ಎಲ್ಲವನ್ನೂ ಮತ್ತೆ ಜೋಡಿಸಿ, ನೀರು ತುಂಬಿ, ನಿಂತಲ್ಲೇ ಎಂಜಿನ್ನನ್ನು ಓಡಿಸಿದರು. ನಾನು ಫ್ಯಾನು ತಿರುಗಿಸಿದೆ. ಬಸ್ಸಿನಲ್ಲಿ ಇದ್ದಿಲು ಊದಲು ಇದ್ದ ಕ್ಲೀನರು ಬಸ್ಸು ನಿಂತ ದಿನವೇ ಬೇರೆ ಕೆಲಸ ನೋಡಿಕೊಂಡಿದ್ದ, ಇದ್ದಿಲಿನ ಕೆಲಸ ನನಗೆ ಬಂದಿತ್ತು. ಎಷ್ಟೋ ಹೊತ್ತು ಓಡಿದರೂ ನೀರು ಇಳಿಯಲಿಲ್ಲ.

"ನಿಂತ್ರೆ ಕುಡಿಯೋದಿಲ್ಲ, ಓಡಿದ್ರೆ ಕುಡೀತದೆ. ಶೈತಾನ್" ಅಂದರು ಮೇಸ್ತ್ರಿ. ಮೈಯೆಲ್ಲ ಒಣಗಿಸಿ ಸುಣ್ಣ ಬಳಿದು ಓಡಿಸೋಣ, ನೀರು ಒಸರಿದ ಕಡೆ ಸುಣ್ಣ ಒದ್ದೆಯಾಗಿ ಕಾಣಬೇಕು ಅಂತ ಹೇಳಿದರು. ಗೋಡೆಗೆ ಬಳಿಯುವ ಕತ್ತಾಳೆ ನಾರಿನ ಕುಂಚ ತಂದು ಎಂಜಿನ್ನಿಗೆಲ್ಲ ಬಳಿದರು. ಹಿಂಭಾಗಕ್ಕೆ ಕುಂಚ ಹೋಗಲಿಲ್ಲ. ಎಂಜಿನ್ನಿನ ಬೆನ್ನಿಗೂ ಡ್ರೈವರು ಕೂರುವ ಕಡೆಯ ತಗಡಿಗೂ ನಡುವೆ ಮೂರು ಬೆರಳ ಸಂದು. ಅವರಿಬ್ಬರ ಕೈಯೂ ತೂರಲಿಲ್ಲ.

"ಅಮ್ಮಿ, ಬಾ ಇಲ್ಲಿ. ನಿನ್ ಕೈ ತೋರ್ಸು" ಅಂದರು ನಮ್ಮವರು.

ಬಳೆ ಮೇಲಕ್ಕೆ ಸರಿಸಿ ಕೈ ಇಳಿಬಿಟ್ಟೆ. ಹೋಯಿತು. ಸುಣ್ಣವನ್ನು ಅಂಗೈಯಲ್ಲಿ ತೆಗೆದುಕೊಂಡು ಒಲೆಯ ಹಿಂಗೋಡೆ ಸಾರಿಸುವ ಹಾಗೆ ಸಾರಿಸಿದೆ. ನೋಡಲು ಆಗುತ್ತಿರಲಿಲ್ಲ, ಕೈಗೆ ಸಿಕ್ಕಿದಷ್ಟು.

ಮೇಸ್ತ್ರಿ, ನಮ್ಮವರು ಇಬ್ಬರೂ ಬಸ್ಸನ್ನು ಹಲಗೂರಿನ ದಾರಿಯ ದಿಣ್ಣೆಯವರೆಗೂ ಹೊಡೆದುಕೊಂಡು ಹೋಗಿ ಬಂದರು. ನೀರು ಇಳಿದಿತ್ತು. ಬಾನೆಟ್ಟು ಎತ್ತಿದರೆ ಎಲ್ಲ ಬೆಳ್ಳಗೆ, ಒಣಗಿ ಗರಿಗರಿ. ಕಾದ ಕಬ್ಬಿಣದ ಮೇಲೆ ಬಿದ್ದ ನೀರು ಬಿದ್ದಲ್ಲೇ ಆರಿಹೋಗುತ್ತಿತ್ತು. ನಾನು ಹಿಂದಕ್ಕೆ ಕೈ ಹಾಕಿ ನೋಡಿದೆ, ಅಲ್ಲೂ ಒಣ ಸುಣ್ಣ. ಮೇಸ್ತ್ರಿ ಎಲೆಯಡಿಕೆ ಹಾಕಿಕೊಂಡು, ಇನ್ನು ಎಂಜಿನ್ನನ್ನೇ ಕೆಳಗಿಳಿಸಿ ಬಿಚ್ಚಬೇಕು, ಅದಕ್ಕೆ ಬೇಕಾದ ಸಾಮಾನು ಯುದ್ಧದ ಕಾಲದಲ್ಲಿ ಎಲ್ಲಿಂದ ತರುವುದು ಅಂದರು. ನಾಳೆ ಶುಕ್ರವಾರದ ನಮಾಜಿಗೆ ಊರಲ್ಲಿರಬೇಕು, ಆಮೇಲೆ ಸಾಮಾನು ಹುಡುಕಿಕೊಂಡು ಬರುತ್ತೇನೆ ಅಂದು ಹೊರಟರು. ಅವರು ಬರುವ ಮುಂಚೆ ಸಂತೆ ಬಂದುಬಿಡುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ಆ ಸಂಜೆ ನಮ್ಮವರು ಪೆಟ್ಟಿಗೆಯಿಂದ ಒಳ್ಳೆಯ ಅಂಗಿ ತೆಗೆದು ಕೊಡವಿದರು. ಮಂಡ್ಯಕ್ಕೆ ಹೋಗುವಾಗ ಹಾಕಿಕೊಳ್ಳುವ ಅಂಗಿ. ನಾನು ನೋಡಿದ್ದನ್ನು ಅವರು ನೋಡಿದರು.

ಅತ್ತೆಯೊಬ್ಬಳು ಮಾತಾಡಿದಳು. ಬಾನೆಟ್ಟು ತೆರೆದೇ ಇತ್ತು, ಒಳಗೆ ಎಂಜಿನ್ನು ಸುಣ್ಣ ಬಳಿದುಕೊಂಡು ಕೂತಿತ್ತು. "ಸುಣ್ಣ ಅಂತೂ ಬಳುದ್ರಿ. ಅರಿಸಿನಾನೂ ಕದಡ್ಬುಡಿ, ಆರತಿ ಎತ್ತಿ ಒಳಿಕ್ಕೆ ಕರ್ಕತೀನಿ. ಮದುವಣಗಿತ್ತಿ ಅಲ್ವಾ ನಿನ್ ಬಸ್ಸು!"

ಅರಿಸಿನದ ನೀರಿಗೆ ಚೂರು ಸುಣ್ಣ ಮುಟ್ಟಿಸಿದರೆ ಕೆಂಪಾಗುತ್ತದೆ, ಆ ಕೆಂಪು ನೀರಲ್ಲೇ ಆರತಿ ಎತ್ತುವುದು. ಮದುವೆಗೆ, ಮಗುವಿಗೆ, ಹೊಸ ಎತ್ತಿಗೆ, ಎಲ್ಲದಕ್ಕೂ ಅದೇ. ಇದು ಹೇಳಿಕೊಡಬೇಕಾದ ವಿಷಯವಲ್ಲ. ಆದರೂ ಆ ಕ್ಷಣ ನಮ್ಮವರು ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಯಿ ತೆರೆದು ನಿಂತರು. ನನಗೂ ಅಷ್ಟೊತ್ತಿಗೆ ಹೊಳೆದಿತ್ತು.

"ನೀರ್ಗೆ ಅರಿಸಿನ ಆಕುದ್ರೆ?" ಅಂದೆ.

"ನೀರು ಆರ್ತದೆ. ಬಣ್ಣ ಎಲ್ಲೋದಾತು?" ಅಂದರು ಅವರು. "ಅವ್ವಾ, ಅರಿಸಿನ ಎಷ್ಟಿದ್ದಾತು ಮನೇಲಿ?"

"ಅಯ್ಯೋ ನಿನ್ ಮನೆ ಕಾಯೋಗ! ರಾಗಿ ಆಯ್ತು, ಈಗ ಅರಿಸಿನ್ವೇನ್ಲಾ? ಒಗ್ಗರಣೆ ಯಾವಾಗ?" ಅನ್ನುತ್ತಲೇ ಅತ್ತೆ ಒಳಗೆ ಹೋಗಿ ಅರಿಸಿನ ಕುಟ್ಟಲು ಕೂತಳು.

ಬೆಳಿಗ್ಗೆ ನಾನು ಮತ್ತೊಮ್ಮೆ ಎಂಜಿನ್ನಿಗೆ ಸುಣ್ಣ ಬಳಿದೆ. ಹಿಂದಿನ ಸಂದಿಗೆ ಎರಡು ಸಲ ಸಾರಿಸಿದೆ. ರೇಡಿಯೇಟರಿಗೆ ಅರಿಸಿನದ ನೀರು ಹೊಯ್ದರು, ಬಟ್ಟೆಯಲ್ಲಿ ಸೋಸಿಯೇ ಹೊಯ್ದರು, ಅಂಬಲಿಯ ಬುದ್ಧಿ ಇನ್ನೂ ನೆನಪಿತ್ತು. ಇದ್ದಿಲು ಊದಲು ಆಳು ಬೇಕಲ್ಲ, ನಾನು ಹೋಗಲೇಬೇಕು. ಗಂಡಹೆಂಡಿರು ಇಬ್ಬರೇ ಬಸ್ಸಲ್ಲಿ ಹೋದರೆ ಊರು ಏನಂದೀತು ಅಂತ ಅತ್ತೆಯೂ ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು. ಫ್ಯಾನು ತಿರುಗಿಸಿ ಕೆಂಡ ಮಾಡಿದ ಮೇಲೆ ನಾನೂ ಹಿಂದೆ ಹತ್ತಲು ಹೋದೆ.

"ಮುಂದ್ಕೆ ಬಾ" ಅಂದರು.

ಡ್ರೈವರಿನ ಪಕ್ಕದ ಸೀಟು ಅಮಲ್ದಾರರಿಗೆ, ಶಾನುಭೋಗರಿಗೆ, ಅಂಥವರಿಗೆ. ನಾನು ಅಲ್ಲಿ ಕೂತೆ. ಬಸ್ಸು ಮೆಲ್ಲಗೆ ಹೋಗುತ್ತಿತ್ತು. ದಾರಿಯಲ್ಲಿ ಜನ ಕೈಯೆತ್ತಿದರು, ನಿಲ್ಲಿಸಲಿಲ್ಲ. ಅವರು ಸ್ಟೇರಿಂಗ್ ಹಿಡಿದಿದ್ದರು, ನಾನು ಅವರನ್ನು ನೋಡುತ್ತಿದ್ದೆ. ನಾನು ಎರಡು ವರ್ಷ ಬುತ್ತಿ ಕೊಟ್ಟ ಕೈ ಒಬ್ಬ ಮನುಷ್ಯನಿಗೆ ಸೇರಿದ್ದು ಅಂತ ಅವತ್ತು ಸರಿಯಾಗಿ ಕಂಡಿತು. ಎಡಗಡೆ ಹೊಲ, ಬಲಗಡೆ ಹೊಲ, ಮುಂದೆ ರಸ್ತೆ. ಇದೇ ರಸ್ತೆಯನ್ನು ನಾನು ದಿನಾ ನೋಡುತ್ತಿದ್ದೆ, ಆದರೆ ಅದು ಹೀಗೆ ನಮ್ಮ ಕಡೆಗೆ ಬರುವುದನ್ನು ನೋಡಿರಲಿಲ್ಲ. ದಿಣ್ಣೆ ಇನ್ನೂ ದೂರ ಇರಲಿ ಅನ್ನಿಸಿತು. ಇದ್ದಿಲು ಬಸ್ಸು ನಿಧಾನ ಅಂತ ಬೈಯುವವರು ಬೈಯಲಿ, ನನಗೆ ಅದು ಬೇಗ ಹೋಯಿತು.

ಖಾಲಿ ಬಸ್ಸಾದ್ದರಿಂದ ತಳ್ಳುವ ಕೆಲಸವಿಲ್ಲದೆ ದಿಣ್ಣೆಯ ಮೇಲೆ ಹತ್ತಿಸಿ ನಿಲ್ಲಿಸಿದರು. ಬಾನೆಟ್ಟು ಎತ್ತಿದರು. ಮುಂದೆ, ಮೇಲೆ, ಪಕ್ಕದಲ್ಲಿ, ಎಲ್ಲ ಬಿಳಿ. ಕೆಂಪಿನ ಗುರುತೇ ಇಲ್ಲ. ಹಿಂದಿನ ಸಂದಿಯೊಂದು ಉಳಿಯಿತು, ಅಲ್ಲಿಗೆ ಕೈ ಹಾಕಲು ಎಂಜಿನ್ನು ತಣಿಯಬೇಕಿತ್ತು. ಅತ್ತೆಗೆ ಸುಮ್ಮನೆ ಕೂರಲು ಬರುವುದಿಲ್ಲ. ಬದುವಿನಲ್ಲಿ ಅಣ್ಣೆಸೊಪ್ಪು ಕಂಡಳು, ಮಡಿಲು ಕಟ್ಟಿಕೊಂಡು ಇಳಿದು ಹೋದಳು.

ನಾವಿಬ್ಬರೂ ಬಸ್ಸಿನ ನೆರಳಲ್ಲಿ ಕೂತೆವು. ಅವರು ಕಡ್ಡಿಯಲ್ಲಿ ಮಣ್ಣು ಕೆದಕುತ್ತಾ ಹೇಳಿದರು. "ಮಿಲಿಟ್ರಿ ಲಾರಿ ಅಂದ್ರೆ ಬಲು ದೊಡ್ಡವಂತೆ. ಪೆಟ್ರೋಲ್‌ಗೆ ಬರವೇ ಇಲ್ವಂತೆ. ಸಮುದ್ರದಲ್ಲಿ ಅಡಗಿನ ಮ್ಯಾಲೆ ಕರ್ಕಂಡೋಯ್ತಾರಂತೆ."

"ನಿಮ್ಗೆ ಓಗೋ ಆಸೇನಾ?"

"ಆಸೆ ಅಂತಲ್ಲ." ಕಡ್ಡಿಯನ್ನು ಮುರಿದು ಎಸೆದರು. "ಈ ಗಾಡಿ ಇಲ್ದೆ ಓದ್ರೆ ಏನ್ ಮಾಡ್ಲಿ? ನೇಗ್ಲು ಇಡಿಯಾಕ್ ಬರಾಕಿಲ್ಲ ನಂಗೆ. ಎಮ್ಮೆ ಕಂಡ್ರೇ ಆಗಕಿಲ್ಲ."

"ಓಗಿ ಮತ್ತೆ. ನಾನೇನ್ ಇಡ್ಕಂಡಿದ್ದೀನಾ?" ಅಂದೆ.

ಅವರು ನನ್ನ ಮುಖ ನೋಡಿದರು. ನಾನು ಎದ್ದುಬಿಟ್ಟೆ. ಎಂಜಿನ್ನು ಇನ್ನೂ ಬುಸುಗುಡುತ್ತಿತ್ತು. ಬಳೆ ಮೇಲಕ್ಕೆ ಏರಿಸಿಕೊಂಡು ಆ ಸಂದಿಗೆ ಕೈ ಇಳಿಬಿಟ್ಟೆ. ಕಾದ ಕಬ್ಬಿಣ ಮೊಣಕೈಗೆ ಚುರ್ರೆಂದಿತು. ಕೈ ತೆಗೆಯಲಿಲ್ಲ. ಬೆರಳಿಗೆ ಒಣ ಸುಣ್ಣ ಸಿಕ್ಕಿತು, ಅದರಾಚೆಗೆ ಏನೋ ದುಂಡಗೆ, ಬಿಲ್ಲೆಯಂಥದ್ದು, ಅಂಚಿನಲ್ಲಿ ಹಸಿ ಹಸಿ. ಅದನ್ನು ಒರೆಸಿಕೊಂಡು ಕೈ ಈಚೆಗೆ ಎಳೆದೆ.

ಬೆರಳೆಲ್ಲ ಕೆಂಪು.

"ರಕ್ತ! ಏನ್ ಮಾಡ್ಕಂಡೆ ಅಮ್ಮಿ!" ಅಂತ ಅವರು ಹಾರಿ ಬಂದು ನನ್ನ ಮುಂಗೈ ಹಿಡಿದರು. ಬೀದಿಯಲ್ಲಿ, ಹಗಲಲ್ಲಿ. ತಮ್ಮ ಪಂಚೆಯ ಚುಂಗಿನಿಂದ ಒರೆಸತೊಡಗಿದರು. ಒರೆಸುತ್ತಾ ಒರೆಸುತ್ತಾ ಅವರ ಕೈ ನಿಧಾನವಾಯಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಅರಿಸಿನದ ವಾಸನೆ.

ನನಗೆ ಗೊತ್ತಿತ್ತು. ಹೇಳಲು ಬಾಯಿ ಬಂದಿರಲಿಲ್ಲ, ಅಷ್ಟೆ. ಅವರು ಕೈ ಹಿಡಿದಿದ್ದರಲ್ಲ.

"ಇಂದ್ಗಡೆ ಒಂದ್ ಬಿಲ್ಲೆ ಐತೆ. ಅದ್ರ ಅಂಚಲ್ಲಿ" ಅಂದೆ.

ಅವರು ಕೈ ಬಿಟ್ಟು ಬಾನೆಟ್ಟಿನೊಳಗೆ ತಲೆ ಹಾಕಿದರು. "ಅವ್ವಾ! ಸಿಕ್ತು ಕಣವ್ವಾ!" ಅಂತ ಎಂಜಿನ್ನಿನೊಳಗಿಂದಲೇ ಕೂಗಿದರು. ಅತ್ತೆ ಬದುವಿನ ಮೇಲಿಂದ, "ಸಿಕ್ರೆ ಇಡ್ಕೊ, ಬುಡಬ್ಯಾಡ" ಅಂತ ಕೂಗಿದಳು.

ಮದ್ದೂರಿಗೆ ಹೇಳಿಕಳಿಸಿದರು. ಮೇಸ್ತ್ರಿ ನಮಾಜು ಮುಗಿಸಿ ಅವತ್ತೇ ಬಂದರು. ಎಂಜಿನ್ನನ್ನು ಎರಕ ಹೊಯ್ಯುವಾಗ ಮೈಯಲ್ಲಿ ಕೆಲವು ತೂತು ಉಳಿಯುತ್ತವಂತೆ, ಅವಕ್ಕೆ ತಗಡಿನ ಬಿಲ್ಲೆ ತಟ್ಟಿ ಕೂರಿಸಿರುತ್ತಾರೆ. ಹಿಂದಿನ ಬಿಲ್ಲೆ ತುಕ್ಕು ಹಿಡಿದು ಅಂಚು ಬಿಟ್ಟಿತ್ತು. ದಿಣ್ಣೆ ಹತ್ತಿ ಚೆನ್ನಾಗಿ ಕಾದಾಗ ಬಿರುಕು ಬಾಯಿ ಬಿಡುತ್ತಿತ್ತು, ತಣ್ಣಗಾದರೆ ಮುಚ್ಚಿಕೊಳ್ಳುತ್ತಿತ್ತು. ಒಸರಿದ ನೀರು ಅಲ್ಲೇ ಆವಿಯಾಗಿ, ಇದ್ದಿಲಿನ ಹೊಗೆಯ ಜೊತೆ ಸೇರಿ ಹೋಗುತ್ತಿತ್ತು. ಡ್ರೈವರಿನ ಕಾಲ ಬಳಿಯ ತಗಡನ್ನು ಕತ್ತರಿಸಿ ಆ ಬಿಲ್ಲೆಯನ್ನು ಮೇಸ್ತ್ರಿ ಕಿತ್ತು ತೆಗೆದರು. ಹೊಸದು ಎಲ್ಲೂ ಸಿಗುವ ಕಾಲವಲ್ಲ. ಅತ್ತೆ ಒಳಗಿಂದ ಬಾಯಿ ಒಡೆದ ಹಿತ್ತಾಳೆ ಚೊಂಬೊಂದನ್ನು ತಂದು ಕೊಟ್ಟಳು. ಅದರ ತಳ ಕತ್ತರಿಸಿ, ತಟ್ಟಿ, ಸೀಸ ಇಟ್ಟು ಕೂರಿಸಿದರು.

"ಈ ಬಸ್ಸು ಸತ್ರೂ ಈ ಬಿಲ್ಲೆ ಸಾಯೋದಿಲ್ಲಮ್ಮ" ಅಂದರು ಮೇಸ್ತ್ರಿ ನನಗೆ. ಖುಷಿಪಡಲಿ ಅಂತ ಅಂದದ್ದು.

ನನ್ನ ಮೊಣಕೈಗೆ ನಮ್ಮವರೇ ಸುಣ್ಣದ ತಿಳಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಡೆದು ಹಚ್ಚಿದರು. "ತಣಿಯಗಂಟ ಕಾಯಾಕೇನಾಗಿತ್ತು ನಿಂಗೆ?" ಅಂತ ಬೈದುಕೊಂಡೇ ಹಚ್ಚಿದರು. ಎಡಗಿವಿ ಕೆಂಪಾಗಿತ್ತು.

ಸಂತೆಯ ದಿನ ಬಸ್ಸು ಹೊರಟಿತು. ಒಳ್ಳೆಯ ಅಂಗಿ ಮತ್ತೆ ಪೆಟ್ಟಿಗೆ ಸೇರಿತ್ತು. ಹೊಂಗೆ ಮರದ ಕೆಳಗೆ ಎಣ್ಣೆಯ ಕಪ್ಪು, ಸುಣ್ಣದ ಬಿಳಿ ಉಳಿದವು, ಅದನ್ನು ನಾನು ಗುಡಿಸಲಿಲ್ಲ. ಮಳೆ ಬಂದು ತಾನೇ ಹೋಯಿತು.

ನೀರು ಕುಡಿಯದ ಬಸ್ಸು ಧಣಿಗೆ ಎಷ್ಟು ಹಿಡಿಸಿತೆಂದರೆ ಹಲಗೂರಿಗೆ ನಿಲ್ಲುತ್ತಿದ್ದ ಲೈನನ್ನು ಕನಕಪುರದವರೆಗೆ ಬೆಳೆಸಿದರು. ಒಂದು ರಾತ್ರಿ ಗುತ್ತಲಿನಲ್ಲಿ, ಒಂದು ರಾತ್ರಿ ಕನಕಪುರದಲ್ಲಿ. ನಮ್ಮ ಬಾಗಿಲಲ್ಲಿ ದಿನಕ್ಕೆ ಒಂದೇ ಸಲ. ಬಿಂದಿಗೆ ಹಿಡಿದು ನಿಲ್ಲುವ ಕೆಲಸವೂ ತಪ್ಪಿತು, ಬುತ್ತಿ ಕೊಡುವಷ್ಟೇ ಹೊತ್ತು. ಯುದ್ಧ ಮುಗಿದು ಪೆಟ್ರೋಲು ಬಂತು. ಪೀಪಾಯಿ ಬಿಚ್ಚಿದರು, ಬಸ್ಸಿಗೆ ಕಾಲು ಬಂದಂತಾಯಿತು. ಸ್ವರಾಜ್ಯ ಬಂತು ಅಂತ ಊರೆಲ್ಲ ಕುಣಿದ ದಿನ ಮೂತಿಗೆ ಬಾವುಟ ಕಟ್ಟಿಕೊಂಡು ಜನ ತುಂಬಿಕೊಂಡು ನಮ್ಮ ಮನೆ ಮುಂದೆ ಹಾದುಹೋಯಿತು. ಅವತ್ತು ಬುತ್ತಿ ಈಸಿಕೊಳ್ಳಲೂ ಆಗಲಿಲ್ಲ. ನಾನು ಅದನ್ನು ಒಳಗೆ ತಂದು ಅತ್ತೆಗೆ ಬಡಿಸಿದೆ.

ಮಿಲಿಟ್ರಿಗೆ ಹೋಗಲಿಲ್ಲ, ಅದು ನಿಜ. ನಾನು ಮನಸ್ಸಿನಲ್ಲಿ ಕೇಳಿಕೊಂಡಿದ್ದು ಅದೇ, ಸಿಕ್ಕಿದ್ದೂ ಅದೇ. ಮಿಲಿಟ್ರಿಗೆ ಹೋಗಿ ತಿರುಗಿ ಬಾರದ ಗೆಜ್ಜಲಗೆರೆಯವನ ಹೆಂಡತಿಯನ್ನು ನೆನೆಸಿಕೊಂಡರೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಮುಚ್ಚಿಕೊಂಡೇ ಇದ್ದೆ. ಈಗ ಅವರೂ ಇಲ್ಲ, ಅತ್ತೆಯೂ ಇಲ್ಲ. ಮುಚ್ಚಿಕೊಂಡು ಯಾರನ್ನು ಮೆಚ್ಚಿಸಬೇಕು? ಎಷ್ಟೋ ವರ್ಷ ಸಂಸಾರ ಮಾಡಿದೆವು, ಮಕ್ಕಳಾದವು. ಆದರೆ ಹಗಲು ಹೊತ್ತು ಕಣ್ಣಳತೆಯಲ್ಲಿ ಗಂಡ ಇದ್ದ ಅಂತ ಎಣಿಸಿದರೆ ಆ ಕೆಟ್ಟ ಬಸ್ಸಿನ ದಿನಗಳೇ. ಆ ಮೇಲೆ ಬೇರೆ ಬೇರೆ ಬಸ್ಸುಗಳು ರಸ್ತೆ ಬದಿ ಬಾನೆಟ್ಟು ಎತ್ತಿಕೊಂಡು ನಿಂತಿರುವುದನ್ನು ಕಂಡಿದ್ದೇನೆ. ಅವರದ್ದು ನಿಲ್ಲಲಿಲ್ಲ. ನಾನು ಕಾದೆ, ನಿಲ್ಲಲಿಲ್ಲ.

ಅಪರೂಪಕ್ಕೆ ಮನೆಗೆ ಬಂದ ದಿನ ತಟ್ಟೆಯ ಮುಂದೆ ಕೂರಿಸಿ ಒಂದು ಮಾತು ಕೇಳುತ್ತಿದ್ದೆ.

"ಈಗ ಎಷ್ಟು ನೀರ್ ಕುಡೀತದೆ ಗಾಡಿ?"

"ಒಂದ್ ತೊಟ್ಟೂ ಇಲ್ಲ ಕಣಮ್ಮಿ. ನಿನ್ ಚೊಂಬಿನ ತಳ ಅಳ್ಳಾಡಿಲ್ಲ" ಅನ್ನುತ್ತಿದ್ದರು, ಮೀಸೆಯಲ್ಲಿ ನಗುತ್ತಾ.

"ಒಳ್ಳೇದಾಯ್ತು" ಅಂದು ಇನ್ನೊಂದು ಮುದ್ದೆ ಹಾಕುತ್ತಿದ್ದೆ.